ಚಿಕಿತ್ಸೆ ಬೇಡವೆಂದ ಯೋಧನ ಪಿಂಚಣಿ

ಸೇನೆಯಿಂದ ಬಿಡುಗಡೆ ಹೊಂದುವ ಯೋಧನ ಅಂಗವೈಕಲ್ಯವನ್ನು ನಿರ್ಧರಿಸುವ ವೈದ್ಯಕೀಯ ಮಂಡಳಿಯು ದಶಕಗಳಿಂದ ತುಂಬುತ್ತಾ ಬಂದ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ಈತ ಶಸ್ತ್ರಚಿಕಿತ್ಸೆಯನ್ನಾಗಲಿ, ಚಿಕಿತ್ಸೆಯನ್ನಾಗಲಿ ನಿರಾಕರಿಸಿದ್ದಾನೆಯೇ? ಹೌದಾದರೆ ಕಾರಣವನ್ನು ದಾಖಲಿಸಬೇಕು. ನಿರಾಕರಣೆಯಿಂದ ಪಿಂಚಣಿ ಕಡಿತಗೊಳ್ಳಬಹುದು ಅಥವಾ ಪೂರ್ತಿಯಾಗಿ ತಡೆಹಿಡಿಯಲ್ಪಡಬಹುದು ಎಂಬುದು ಅವನಿಗೆ ಮನದಟ್ಟಾಗಿದೆಯೇ ಎಂದು ನಮೂದಿಸಬೇಕು. ಅವನಿಂದ ಪ್ರಮಾಣಪತ್ರವನ್ನೂ ಪಡೆಯಬೇಕು.

ಸೇವೆಯಲ್ಲಿದ್ದಾಗ ಮಾಜಿ ಸೈನಿಕರ ಅಹವಾಲುಗಳನ್ನು ಆಲಿಸುವ ಸಂದರ್ಭಗಳು ನನಗೆ ಒದಗಿದ್ದವು. ಬೆನ್ನುನೋವಿನಿಂದ ಬಳಲುತ್ತಿದ್ದ ಒಬ್ಬರು ಹೇಳಿದ ಮಾತು ಇನ್ನೂ ನೆನಪಿನಲ್ಲಿದೆ: ‘ಆಪರೇಷನ್‌ ಮಾಡಿಸಿ ಕಾಲೇ ಬಿದ್ದುಹೋದರೆ ಮನೆ ನೋಡಿಕೊಳ್ಳುವವರು ಯಾರು ಸಾರ್? ಅದಕ್ಕೇ ಬೇಡವೆಂದು ಬರೆದುಕೊಟ್ಟೆ. ಪಿಂಚಣಿಗೂ ಕುತ್ತು ಬರುತ್ತದೆಂದು ಯಾರು ಕಂಡಿದ್ದರು?’

ಲೆಕ್ಕ ಸಣ್ಣದಲ್ಲ. ಶೇ 100ರಷ್ಟು ವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಮೊತ್ತ ಎಂಬ ಸೂತ್ರದಂತೆ, ಶೇ 40ರ ವೈಕಲ್ಯಕ್ಕೆ ಸಿಗುವುದು ಶೇ 12. ವೈಕಲ್ಯ ಶೇ 20ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಏನೂ ಇಲ್ಲ. ‘ಚಿಕಿತ್ಸೆ ಪಡೆದಿದ್ದರೆ ಶೇ 15ಕ್ಕೆ ಇಳಿಯುತ್ತಿತ್ತು’ ಎಂಬ ಊಹೆಯೊಂದೇ ಆ ಗೆರೆಯ ಕೆಳಗೆ ಅವನನ್ನು ತಳ್ಳಬಲ್ಲದು.

ನಿಯಮದ ಹಿಂದಿನ ತರ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಅಲ್ಲಗಳೆಯಲಾರೆ. ನಷ್ಟವನ್ನು ತುಂಬಿಕೊಡುವವರು, ನಷ್ಟವನ್ನು ತಗ್ಗಿಸಲು ಫಲಾನುಭವಿಯೂ ಪ್ರಯತ್ನಿಸಲಿ ಎಂದು ಬಯಸುವುದು ಸಹಜ. ದಿನವೂ ನುಂಗಬೇಕಾದ ಮಾತ್ರೆಯನ್ನು ನಿರಾಕರಿಸಿ ಖಜಾನೆಯಿಂದ ಪರಿಹಾರ ಕೇಳುವುದು ಸರಿಯಲ್ಲ. ಆದರೆ ಬೆನ್ನಿನ ಶಸ್ತ್ರಚಿಕಿತ್ಸೆ ಮಾತ್ರೆಯಲ್ಲ. ಅದರ ಉಳಿತಾಯ ಸರ್ಕಾರದ್ದು, ಅಪಾಯವೆಲ್ಲ ಯೋಧನದು.

ವಯಸ್ಕ ರೋಗಿಯ ನೈಜ ಸಮ್ಮತಿಯಿಲ್ಲದೆ ಚಿಕಿತ್ಸೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2018ರ ಕಾಮನ್ ಕಾಸ್ ತೀರ್ಪು ಚಿಕಿತ್ಸೆ ನಿರಾಕರಿಸುವ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಘನತೆಯೊಡನೆ ಬೆಸೆಯಿತು. ಸೇವಾ ಕಾರಣದ ಬಗ್ಗೆ ಸಂಶಯವಿದ್ದರೆ ಅದರ ಲಾಭ ಯೋಧನಿಗೇ ಸಲ್ಲಬೇಕೆಂದು 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತ್ತು. ನಿರಾಕರಣೆಯ ವಿಷಯದಲ್ಲೂ ಅದೇ ಔದಾರ್ಯ ಏಕಿರಬಾರದು?

ನಮೂನೆಯೇ ಇನ್ನೆರಡು ಪ್ರಶ್ನೆಗಳನ್ನು ಕೇಳುತ್ತದೆ: ಚಿಕಿತ್ಸೆಯಿಂದ ಗುಣವಾಗುವ ಸಂಭವವಿತ್ತೇ? ನಿರಾಕರಣೆ ಸಮಂಜಸವೇ? ಇವಕ್ಕೆ ‘ಹೌದು’, ‘ಇಲ್ಲ’ ಎಂಬ ಒಂದೇ ಪದದ ಉತ್ತರ ಸಾಲದು. ಪರಿಣಾಮಗಳನ್ನು ಯೋಧನ ತಾಯ್ನುಡಿಯಲ್ಲಿ ವಿವರಿಸಬೇಕು. ಮನೆಯವರೊಡನೆ ಚರ್ಚಿಸಲು ಕಾಲಾವಕಾಶ ಕೊಡಬೇಕು, ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಬಿಡಬೇಕು. ಕಡಿತ ಅನಿವಾರ್ಯವಾದರೆ, ಚಿಕಿತ್ಸೆಯಿಂದ ಖಚಿತವಾಗಿ ನಿವಾರಣೆಯಾಗುತ್ತಿದ್ದ ಭಾಗಕ್ಕಷ್ಟೇ ಅದು ಸೀಮಿತವಾಗಿರಬೇಕು.

ದೇಶಕ್ಕಾಗಿ ದೇಹವನ್ನು ಒಡ್ಡಿದವನು ಅದೇ ದೇಹದ ಬಗ್ಗೆ ಒಮ್ಮೆ ಹೆದರಿದರೆ, ಆ ಹೆದರಿಕೆಯನ್ನು ಅಪರಾಧವೆಂದು ಲೆಕ್ಕಕ್ಕೆ ಬರೆದುಕೊಳ್ಳುವ ಮುನ್ನ ಸರ್ಕಾರ ಅವನ ಮಾತನ್ನು ಪೂರ್ತಿಯಾಗಿ ಕೇಳಲಿ.