ಮುಟ್ಟುಗೋಲಾದ ಶೇರು: ಯಾವ ಬಾಗಿಲು ತಟ್ಟಬೇಕು?



ನಿಮ್ಮ ಹೆಸರಿನಲ್ಲಿದ್ದ ಶೇರನ್ನು ಕಂಪನಿ ಮುಟ್ಟುಗೋಲು ಹಾಕಿತು ಎನ್ನಿ. ನ್ಯಾಯ ಕೇಳಲು ಎಲ್ಲಿಗೆ ಹೋಗುವಿರಿ? ಅಕ್ಕಲಕೋಟೆಯ ಕೋರ್ಟಿಗೋ, ಸೊಲ್ಲಾಪುರಕ್ಕೋ, ಮುಂಬಯಿಗೋ?

ಇದಕ್ಕೆ ನಮ್ಮೂರಿನದೇ ಒಂದು ಹಳೆಯ ಕತೆಯಿದೆ. ಸೊಲ್ಲಾಪುರದ ಜುನೀ ಮಿಲ್, ಅಂದರೆ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಕಂಪನಿಯ ಗಿರಣಿ, 1949ರಲ್ಲಿ ನಿಂತಿತು. 1950ರ ಜನವರಿಯಲ್ಲಿ ಕೇಂದ್ರ ಸರಕಾರ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಕಂಪನಿಯ 32,000 ಪ್ರೆಫರೆನ್ಸ್ ಶೇರುಗಳಲ್ಲಿ ನೂರು ರೂಪಾಯಿಗೆ ಐವತ್ತು ಮಾತ್ರ ತುಂಬಿತ್ತು. ಉಳಿದ ಐವತ್ತನ್ನು ತುಂಬಿರೆಂದು ಸರಕಾರ ನೇಮಿಸಿದ ಡೈರೆಕ್ಟರುಗಳು ಕೇಳಿದರು. ಇದಕ್ಕೆ ‘ಕಾಲ್’ ಎನ್ನುತ್ತಾರೆ. ದ್ವಾರಕಾದಾಸ ಶ್ರೀನಿವಾಸ ಎಂಬ ಶೇರುದಾರರು ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಅಲ್ಲಿ ಎರಡು ಸಲ ಸೋತು, 1953ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅದೇ ಕಂಪನಿಯ ಇನ್ನೊಬ್ಬ ಶೇರುದಾರರು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1950ರಲ್ಲಿ ಸೋತಿದ್ದರು. ಗಿರಣಿ ಒಂದೇ, ಬಾಗಿಲು ಬೇರೆ, ಫಲವೂ ಬೇರೆ.

ಕಾಲ್ ಹಣ ತುಂಬದಿದ್ದರೆ, ಕಂಪನಿಯ ನಿಯಮಾವಳಿಯಲ್ಲಿ ಅವಕಾಶವಿದ್ದರೆ, ಶೇರು ಮುಟ್ಟುಗೋಲಾಗುತ್ತದೆ. ಸದಸ್ಯರ ಪಟ್ಟಿಯಿಂದ ಹೆಸರು ಹೋಗುತ್ತದೆ, ತುಂಬಿದ ಹಣವೂ ಹೋಗುತ್ತದೆ. ಆದರೆ ಮೊದಲು ನೋಟೀಸು ಬರಬೇಕು. ಕಾಯಿದೆಯ ಮಾದರಿ ನಿಯಮದಂತೆ ಕನಿಷ್ಠ 14 ದಿನಗಳ ಗಡುವಿರಬೇಕು. ತುಂಬದಿದ್ದರೆ ಶೇರು ಹೋಗುತ್ತದೆಂದು ಸ್ಪಷ್ಟವಾಗಿ ಬರೆದಿರಬೇಕು. ಪಬ್ಲಿಕ್ ಪ್ಯಾಸೆಂಜರ್ ಸರ್ವಿಸ್ ಕಂಪನಿಯ ಖಟ್ಲೆಯಲ್ಲಿ, ನೋಟೀಸು ಸರಿಯಿಲ್ಲದ್ದರಿಂದ ಮುಟ್ಟುಗೋಲೇ ನಿಲ್ಲದು ಎಂದು ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ಆ ಕಾಗದ ಮತ್ತು ಲಕೋಟೆಯನ್ನು ಎಸೆಯಬೇಡಿರಿ.

ಇನ್ನು ಬಾಗಿಲಿನ ಮಾತು. ಸದಸ್ಯರ ಪಟ್ಟಿ ತಿದ್ದಿಸುವ ಅಧಿಕಾರ ಮೊದಲು ಹೈಕೋರ್ಟಿಗಿತ್ತು. 1991ರಿಂದ ಕಂಪನಿ ಲಾ ಬೋರ್ಡಿಗೆ ಬಂತು. 2016ರ ಜೂನ್ 1ರಿಂದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಸೇರಿದೆ. 2013ರ ಕಾಯಿದೆಯ 59ನೆಯ ಕಲಮು ಇದನ್ನು ಹೇಳುತ್ತದೆ. ಮಂಡಳಿಯ ಅಧಿಕಾರದಲ್ಲಿರುವ ವಿಷಯವನ್ನು ಸಿವಿಲ್ ಕೋರ್ಟು ವಿಚಾರಿಸುವಂತಿಲ್ಲ ಎನ್ನುತ್ತದೆ 430ನೆಯ ಕಲಮು.

ಗಡಿಯವರು ಇದನ್ನು ಗಮನಿಸಬೇಕು: ನೀವು ಎಲ್ಲಿರುವಿರಿ ಎಂಬುದು ಮುಖ್ಯವಲ್ಲ, ಕಂಪನಿಯ ರಿಜಿಸ್ಟರ್ಡ್ ಆಫೀಸು ಎಲ್ಲಿದೆ ಎಂಬುದು ಮುಖ್ಯ. ಮಹಾರಾಷ್ಟ್ರದಲ್ಲಿದ್ದರೆ ಮುಂಬಯಿ ಪೀಠ, ಕರ್ನಾಟಕದಲ್ಲಿದ್ದರೆ ಬೆಂಗಳೂರು ಪೀಠ. ಅಕ್ಕಲಕೋಟೆಯವರೂ ಬೆಂಗಳೂರಿಗೆ ಹೋಗಬೇಕಾದೀತು, ಆಳಂದದವರೂ ಮುಂಬಯಿಗೆ ಹೋಗಬೇಕಾದೀತು. ಅರ್ಜಿ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಇಂಗ್ಲಿಷ್ ಅನುವಾದ ಜೋಡಿಸಬೇಕು. ವಕೀಲರಷ್ಟೇ ಅಲ್ಲ, ಚಾರ್ಟರ್ಡ್ ಅಕೌಂಟೆಂಟರೂ ನಿಮ್ಮ ಪರವಾಗಿ ನಿಲ್ಲಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ಮೇಲ್ಮನವಿ ಮಾಡಬಹುದು.

ಒಂದು ಎಚ್ಚರಿಕೆ. ಪಟ್ಟಿ ತಿದ್ದುವುದು ಚುಟುಕಾದ ವಿಚಾರಣೆ. ಸಹಿ ಖೋಟಾ, ಒಡೆತನವೇ ತಕರಾರು ಎಂಬಂಥ ಜಟಿಲ ಸಂಗತಿಗಳಿಗೆ ಅದು ತಕ್ಕುದಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ನಿಮ್ಮ ಜಗಳ ಎಂಥದೆಂದು ವಕೀಲರನ್ನು ಮೊದಲೇ ಕೇಳಿರಿ. ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು ಗಡುವಿನಿಂದ ಬಿಡಿಸಿಕೊಳ್ಳಲು ನೀವು ಪ್ರಾಮಾಣಿಕವಾಗಿ ಹೋಗಿದ್ದಿರೆಂದು ತೋರಿಸಬೇಕಾಗುತ್ತದೆ.

ಏಳು ವರ್ಷ ಡಿವಿಡೆಂಡ್ ಪಡೆಯದ ಶೇರು ಸರಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಅದು ಮುಟ್ಟುಗೋಲಲ್ಲ, ಅರ್ಜಿ ತುಂಬಿ ಮರಳಿ ಪಡೆಯಬಹುದು. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಶೇರುಪತ್ರ ಸಿಕ್ಕರೆ, ಖಟ್ಲೆಗೆ ಮೊದಲು ಇದನ್ನು ವಿಚಾರಿಸಿರಿ.