ಕ್ಯಾನ್ಸರ್ ಆದವರಿಗೆ ಅಂಗವಿಕಲರ ಪಗಾರ

"ಕ್ಯಾನ್ಸರ್ ಆಗೇತ್ರಿ, ಅಂಗವಿಕಲರ ಪಗಾರ ಬರತೈತೇನ್ರಿ?" ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಾಸಾಶನಕ್ಕೆ ಪಗಾರ ಎನ್ನುವುದೇ ರೂಢಿ. ಈ ಪ್ರಶ್ನೆಗೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಕ್ಯಾನ್ಸರ್ ಬಂದಿದೆ ಎಂಬ ಒಂದೇ ಕಾರಣಕ್ಕೆ ಅಂಗವಿಕಲರ ಪಗಾರ ಸಿಗುವುದಿಲ್ಲ. ಆದರೆ ಕ್ಯಾನ್ಸರ್‌ನಿಂದಾಗಿ, ಅಥವಾ ಅದರ ಚಿಕಿತ್ಸೆಯಿಂದಾಗಿ, ಮಾತು, ನಡೆ, ನೋಟ, ಕಿವಿ ಕಳೆದುಕೊಂಡವರಿಗೆ ಅದು ಸಿಗಬೇಕಾದ ಹಕ್ಕು. ಈ ವ್ಯತ್ಯಾಸ ತಿಳಿಯದೆ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿದವರಲ್ಲಿಯೂ ಕೆಲವರು ಬಯಾಪ್ಸಿ ವರದಿಯೊಂದನ್ನೇ ಹಿಡಿದುಕೊಂಡು ಹೋಗಿ ಬರಿಗೈಯಲ್ಲಿ ಮರಳುತ್ತಾರೆ.

ಇದಕ್ಕೆ ಆಧಾರ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ರಕ್ತದ ಕಾಯಿಲೆಗಳಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಸೇರಿವೆ. ರಕ್ತದ ಕ್ಯಾನ್ಸರ್ ಸೇರಿಲ್ಲ. ಇಷ್ಟು ಓದಿ ಕೈಬಿಡುವವರು ಮಾತಿನ ಅಂಗವೈಕಲ್ಯವನ್ನು ಹೇಳುವ ಸಾಲನ್ನೂ ಓದಬೇಕು. ಲ್ಯಾರಿಂಜೆಕ್ಟಮಿಯಂಥ ಕಾರಣಗಳಿಂದ ಮಾತು ಶಾಶ್ವತವಾಗಿ ಹೋದವರು ಅಂಗವಿಕಲರು ಎಂದು ಕಾಯ್ದೆಯೇ ಆ ಶಸ್ತ್ರಚಿಕಿತ್ಸೆಯ ಹೆಸರು ಹೇಳಿ ಬರೆದಿದೆ. ಲ್ಯಾರಿಂಜೆಕ್ಟಮಿ ಎಂದರೆ ಧ್ವನಿಪೆಟ್ಟಿಗೆಯನ್ನು ತೆಗೆಯುವುದು. ಇದನ್ನು ಹೆಚ್ಚಾಗಿ ಮಾಡುವುದು ಗಂಟಲ ಕ್ಯಾನ್ಸರ್‌ಗೇ.

ಗಂಟಲ ಮಾತನ್ನು ಮೊದಲು ಎತ್ತಿದ್ದಕ್ಕೆ ಕಾರಣವಿದೆ. ನಮ್ಮ ಕಡೆ ತಂಬಾಕು ತಿಕ್ಕಿ ಬಾಯಲ್ಲಿಟ್ಟುಕೊಳ್ಳುವುದು, ಗುಟ್ಕಾ, ಬೀಡಿ ಎಲ್ಲವೂ ಬಳಕೆಯಲ್ಲಿವೆ. ಇದೇ ಜಿಲ್ಲೆಯ ನಿಪ್ಪಾಣಿ ತಂಬಾಕಿಗೇ ಹೆಸರಾದ ಊರು. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ತಂಬಾಕೇ ದೊಡ್ಡ ಕಾರಣ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಕುತ್ತಿಗೆಯ ಮುಂಭಾಗದಲ್ಲಿ ಮಾಡಿದ ರಂಧ್ರದಿಂದಲೇ ಉಸಿರಾಡಬೇಕು. ಮೊದಲಿನ ಧ್ವನಿ ಮರಳುವುದಿಲ್ಲ. ಸಂತೆಯಲ್ಲಿ ಕೂಗಿ ಮಾರುವವರಿಗೆ, ಬಸ್ಸಿನ ಕಂಡಕ್ಟರ್‌ಗೆ, ಶಾಲೆಯ ಮಾಸ್ತರಿಗೆ ಅಲ್ಲಿಗೆ ದುಡಿಮೆಯೇ ನಿಂತಂತೆ. ನಾಲಿಗೆಯ ದೊಡ್ಡ ಭಾಗ ತೆಗೆದವರ ಮಾತೂ ಎದುರಿನವರಿಗೆ ತಿಳಿಯದಷ್ಟು ಕೆಡಬಹುದು. ಇಂಥವರು "ನಮಗೇನ್ ಕೈ ಹೋಗೇತೋ, ಕಾಲ್ ಹೋಗೇತೋ" ಎಂದುಕೊಂಡು ಸುಮ್ಮನಿರಬಾರದು. ಕಣ್ಣಿಗೆ ಕಾಣದ ನಷ್ಟವನ್ನೂ ಕಾಯ್ದೆ ಅಳೆಯುತ್ತದೆ.

ಮೂಳೆಯ ಕ್ಯಾನ್ಸರ್‌ನಿಂದ ಕಾಲು ತೆಗೆಸಿಕೊಂಡವರು, ಬೆನ್ನುಹುರಿಯ ಗಡ್ಡೆಯಿಂದ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡವರು ಚಲನೆಯ ವೈಕಲ್ಯದಡಿ ಬರುತ್ತಾರೆ. ಮಕ್ಕಳಲ್ಲಿ ಕಾಣುವ ಕಣ್ಣಿನ ಅಕ್ಷಿಪಟಲದ ಕ್ಯಾನ್ಸರ್ ಎರಡೂ ಕಣ್ಣಿನ ನೋಟ ಕೆಡಿಸಿದ್ದರೆ ಅದು ದೃಷ್ಟಿದೋಷ. ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧದಿಂದ ಕಿವಿ ಮಂದವಾಗುವುದುಂಟು. ಅದು ಶ್ರವಣದೋಷದ ಲೆಕ್ಕಕ್ಕೆ ಬರುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ತೋಳಿಗೆ ಬಾವು ಬಂದು ಕೈ ಎತ್ತಲಾಗದಿದ್ದರೆ ಆ ಕೈಯ ಚಲನೆ ಎಷ್ಟು ಕುಗ್ಗಿದೆ ಎಂದು ಅಳೆಯಲು ಕೇಳಬಹುದು. ಆದರೆ ಹೊಟ್ಟೆಗೆ ಚೀಲ ಹಾಕಿಸಿಕೊಂಡು ಬದುಕುವವರಿಗೆ, ದವಡೆ ತೆಗೆದ ಮೇಲೆ ಅಂಬಲಿ, ಗಂಜಿಯನ್ನಷ್ಟೇ ಕುಡಿಯಬಲ್ಲವರಿಗೆ ಪಟ್ಟಿಯಲ್ಲಿ ಅವರದೇ ಆದ ಹೆಸರಿಲ್ಲ. ಇದು ಕಾಯ್ದೆಯ ಕೊರತೆಯೇ ಹೊರತು ಅವರ ಕಷ್ಟ ಸಣ್ಣದೆಂದಲ್ಲ.

ಪಗಾರಕ್ಕೆ ಮೊದಲು ಬೇಕಾದ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಯಾವಾಗ ಹಾಕಬೇಕು? ಕಿಮೋ, ಕರೆಂಟ್ ಚಿಕಿತ್ಸೆ (ರೇಡಿಯೇಷನ್) ನಡೆದಿರುವಾಗ ಇರುವ ಸುಸ್ತು, ನಡುಕ, ತೂಕ ಇಳಿದದ್ದನ್ನು ವೈದ್ಯರು ಅಂಗವೈಕಲ್ಯ ಎಂದು ಬರೆಯುವುದಿಲ್ಲ; ಅವು ತಿರುಗಿ ಸರಿಹೋಗಬಹುದಾದವು. ಕಾಲು ತೆಗೆದದ್ದು, ಧ್ವನಿಪೆಟ್ಟಿಗೆ ತೆಗೆದದ್ದು ಹಾಗಲ್ಲ. ಗಾಯ ಮಾಗಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅಂಥವರು ತಡ ಮಾಡುವುದರಲ್ಲಿ ಅರ್ಥವಿಲ್ಲ. ಸ್ಥಿತಿ ಬದಲಾಗಬಹುದು ಎಂದು ವೈದ್ಯರಿಗೆ ಅನಿಸಿದರೆ ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರ್ ಮೇಲೆ ಗುರುತು ಮಾಡಿಡಿ. ಅವಧಿ ಮುಗಿದರೆ ಪಗಾರಕ್ಕೂ ತೊಡಕು.

2021ರ ಜೂನ್ 1ರಿಂದ ಪ್ರಮಾಣಪತ್ರ ಸಿಗುವುದು ಯುಡಿಐಡಿ ಪೋರ್ಟಲ್ ಮೂಲಕವೇ. ಅದರ ಮೂಲಕ ಸಿಗುವ ಯುಡಿಐಡಿ ಗುರುತಿನ ಚೀಟಿಗೇ ಜನ ಅಂಗವಿಕಲರ ಕಾರ್ಡ್ ಎನ್ನುವುದು. ಅರ್ಜಿ ಉಚಿತ. ಮೊಬೈಲ್ ಬಳಸಲು ಬಾರದವರು ಹುಡುಕಬೇಕಾದದ್ದು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು. ಅವರೂ ಬಹುಪಾಲು ಅಂಗವಿಕಲರೇ. ಅವರ ಮೇಲೆ ತಾಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಗೌರವಧನದ ಮೇಲೆ ದುಡಿಯುವ ಈ ಜನರಿಗೆ ಯಾವ ದಿನ ಯಾವ ಆಸ್ಪತ್ರೆಯಲ್ಲಿ ತಪಾಸಣೆ ಎಂಬುದು ಇತರರಿಗಿಂತ ಚೆನ್ನಾಗಿ ಗೊತ್ತು.

ಆಧಾರ್, ಫೋಟೊಗಳಿಗಿಂತ ಮುಖ್ಯವಾದ ಕಾಗದ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ. ಅದರಲ್ಲಿ "ಗಂಟಲ ಕ್ಯಾನ್ಸರ್, ಚಿಕಿತ್ಸೆ ಪೂರ್ಣ" ಎಂದಷ್ಟೇ ಇದ್ದರೆ ಸಾಲದು. ಯಾವ ಅಂಗವನ್ನು ಎಷ್ಟು ತೆಗೆಯಲಾಗಿದೆ, ಯಾವ ದಿನ, ಈಗ ಏನು ಮಾಡಲಾಗುತ್ತಿಲ್ಲ, ಅದು ಶಾಶ್ವತವೇ ಎಂಬಿಷ್ಟನ್ನು ಬರೆದುಕೊಡಿ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ, ಬೆಳಗಾವಿಯಲ್ಲೋ, ಬೆಂಗಳೂರಿನ ಕಿದ್ವಾಯಿಯಲ್ಲೋ ಚಿಕಿತ್ಸೆ ಪಡೆದು ಊರಿಗೆ ಮರಳುವ ಮೊದಲೇ ಇದನ್ನು ಬರೆಸಿಕೊಂಡರೆ ಮತ್ತೊಂದು ಪ್ರಯಾಣ ತಪ್ಪುತ್ತದೆ. ಕೇಳಲು ಸಂಕೋಚ ಬೇಡ.

ನಿಯಮದ ಪ್ರಕಾರ ನಿಮ್ಮ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರದ ಎದುರು ಹೋಗಬಹುದು, ಇಲ್ಲವೇ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಬಹುದು. ಮಾತು, ಕಿವಿಯ ತಪಾಸಣೆಗೆ ಬೇಕಾದ ತಜ್ಞರು ತಾಲೂಕು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಬೆಳಗಾವಿಯ ಬಿಮ್ಸ್‌ಗೆ ಕಳಿಸುತ್ತಾರೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ಕುತ್ತಿಗೆಯಲ್ಲಿ ರಂಧ್ರವಿರುವ ರೋಗಿಗೆ ಬೇಸಿಗೆಯ ಧೂಳಿನಲ್ಲಿ ಅದು ಸಣ್ಣ ಹಾದಿಯಲ್ಲ. ಆದ್ದರಿಂದ ತಪಾಸಣೆಯ ದಿನ ತಜ್ಞರು ಇರುತ್ತಾರೆಯೇ ಎಂದು ಖಚಿತಪಡಿಸಿಕೊಂಡೇ ಹೊರಡಿ. 2024ರ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವಿದೆ. ಕೊಡಲಾಗದಿದ್ದರೆ ಕಾರಣವನ್ನು ಬರಹದಲ್ಲೇ ತಿಳಿಸಬೇಕು. ಆ ಕಾಗದ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದೇ ಆಧಾರ.

ಕಾರ್ಡ್ ಕೈಗೆ ಬಂದೊಡನೆ ಪಗಾರ ತಾನಾಗಿ ಶುರುವಾಗುತ್ತದೆ ಎಂದು ಎಷ್ಟೋ ಮಂದಿ ಕಾಯುತ್ತ ಕೂರುತ್ತಾರೆ. ಹಾಗಾಗುವುದಿಲ್ಲ. ಕಾರ್ಡ್ ಕೊಡುವುದು ವೈದ್ಯರು, ಪಗಾರ ಮಂಜೂರು ಮಾಡುವುದು ಕಂದಾಯ ಇಲಾಖೆ. ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಇಲ್ಲವೇ ಅಂಚೆ ಖಾತೆ ಬೇಕು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ತಲಾಟಿ ಎಂದೇ ಕರೆಸಿಕೊಳ್ಳುವ ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸಿ ವರದಿ ಕೊಡುತ್ತಾರೆ. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಪಗಾರವಿಲ್ಲ. 2021ರ ಪರಿಷ್ಕರಣೆಯಂತೆ ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಹೆಚ್ಚಿದ್ದರೆ 1,400 ರೂಪಾಯಿ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ದರವನ್ನೂ ಆದಾಯದ ಮಿತಿಯನ್ನೂ ಕಚೇರಿಯಲ್ಲೇ ಕೇಳಿಕೊಳ್ಳಿ.

ಒಬ್ಬರಿಗೆ ಒಂದೇ ಪಗಾರ. ಇಲ್ಲಿ ಲೆಕ್ಕ ಹಾಕಿ ನೋಡಬೇಕು. ವಿಧವಾ ವೇತನ ಪಡೆಯುತ್ತಿರುವ ತಾಯಿಗೆ ಶೇ 75ಕ್ಕಿಂತ ಹೆಚ್ಚಿನ ವೈಕಲ್ಯ ಬರೆದುಕೊಟ್ಟಿದ್ದರೆ ಅಂಗವಿಕಲರ ಪಗಾರಕ್ಕೆ ಬದಲಾಯಿಸಿಕೊಳ್ಳುವುದು ಲಾಭ. ಆದರೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುತ್ತಿರುವ ಹಿರಿಯರಿಗೆ ಶೇ 50ರ ಕಾರ್ಡ್ ಸಿಕ್ಕಿತೆಂದು ಪಗಾರ ಬದಲಾಯಿಸಿದರೆ ನಷ್ಟ. ಅವರು ಕಾರ್ಡನ್ನು ಬಸ್ ಪಾಸ್‌ಗೆ ಬಳಸಿಕೊಳ್ಳಲಿ. ವಾಯವ್ಯ ಸಾರಿಗೆಯ ರಿಯಾಯಿತಿ ಪಾಸ್ ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದರವಿಲ್ಲ, ಹಾಗಾಗಿ ಈ ಪಾಸ್ ಹೆಚ್ಚು ಬೇಕಾಗುವುದು ಗಂಡಸರಿಗೆ.

ಇನ್ನೂ ಚಿಕಿತ್ಸೆಯಲ್ಲಿರುವವರು, ಯಾವ ಅಂಗವೂ ಹೋಗದಿದ್ದರೂ ದುಡಿಯಲಾಗದವರು ಏನು ಮಾಡಬೇಕು? ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ದರದ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ಗೌಂಡಿ, ಸೆಂಟ್ರಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ್ದರೆ ದೊಡ್ಡ ಕಾಯಿಲೆಗಳಿಗೆ ಅಲ್ಲಿಂದಲೂ ವೈದ್ಯಕೀಯ ನೆರವುಂಟು. ಇಎಸ್ಐ ಇರುವ ನೌಕರರಿಗೆ ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಯಲ್ಲಿ ಗರಿಷ್ಠ ಎರಡು ವರ್ಷದವರೆಗೆ ಸಂಬಳದ ಶೇ 80ರಷ್ಟು ಸಿಗುವ ಅವಕಾಶವಿದೆ.

ಆದರೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಹೆಚ್ಚಿನವರು ಕೂಲಿಕಾರರು, ಸಣ್ಣ ರೈತರು, ನೇಕಾರರು. ಇಎಸ್ಐ ಇರುವವರು ಬೆರಳೆಣಿಕೆಯಷ್ಟು. ಆಸ್ಪತ್ರೆಯ ಬಿಲ್ ಸರ್ಕಾರ ತುಂಬಿದರೂ, ಆರು ತಿಂಗಳು ಮಗ್ಗದ ಕುಣಿಗೆ ಇಳಿಯಲಾಗದ ರಾಮದುರ್ಗದ ನೇಕಾರನ ಮನೆಯಲ್ಲಿ ಒಲೆ ಉರಿಯಲು ಯಾವ ಯೋಜನೆಯೂ ಇಲ್ಲ. ಬ್ರಿಟನ್ನಿನ 2010ರ ಸಮಾನತೆಯ ಕಾಯ್ದೆ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ರೋಗಿಯನ್ನು ಅಂಗವಿಕಲರೆಂದು ಪರಿಗಣಿಸಿ ಕೆಲಸದಲ್ಲಿ ರಕ್ಷಣೆ ಕೊಡುತ್ತದೆ. ಅಷ್ಟು ದೂರ ಹೋಗಬೇಕಿಲ್ಲ. ಕೇರಳದಲ್ಲಿ ಬಡ ಕ್ಯಾನ್ಸರ್ ರೋಗಿಗಳಿಗೆ ಕಂದಾಯ ಇಲಾಖೆಯಿಂದ ಮಾಸಾಶನವಿದೆ. ಕಾಸರಗೋಡಿನ ಕನ್ನಡಿಗರಿಗೆ ಅರ್ಜಿ ಹಾಕಲು ದಾರಿಯಿದೆ, ಬೆಳಗಾವಿಯ ಕನ್ನಡಿಗರಿಗಿಲ್ಲ. ಹರಿಯಾಣವೂ ಮೂರನೆಯ, ನಾಲ್ಕನೆಯ ಹಂತದ ರೋಗಿಗಳಿಗೆ ಪಿಂಚಣಿ ಕೊಡುತ್ತದೆ. ಕರ್ನಾಟಕವೂ ಚಿಕಿತ್ಸೆಯ ಅವಧಿಗಾದರೂ ಇಂಥದೊಂದು ಪಗಾರ ಆರಂಭಿಸಬೇಕು. ಶಾಸಕರ ಎದುರು ಇಡಬೇಕಾದ ಬೇಡಿಕೆಯಿದು.

ಅದು ಬರುವವರೆಗೆ ಹತ್ತಿರದಲ್ಲೇ ಕೇಳಬಹುದಾದ ಇನ್ನೊಂದು ಹಣವಿದೆ. ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ವೆಚ್ಚ ಮಾಡಬೇಕು. ಕಾರ್ಡ್ ಇರುವ ಪ್ರತಿಯೊಬ್ಬರೂ ಗ್ರಾಮಸಭೆಯಲ್ಲಿ ಈ ವರ್ಷದ ಆ ಹಣ ಯಾರಿಗೆ, ಯಾವುದಕ್ಕೆ ಹೋಯಿತು ಎಂದು ಪಿಡಿಓ ಅವರನ್ನು ಕೇಳಬಹುದು. ಧ್ವನಿ ಹೋದವರು ಚೀಟಿಯಲ್ಲಿ ಬರೆದುಕೊಡಲಿ. ಆ ಪ್ರಶ್ನೆ ಸಭೆಯ ನಡಾವಳಿಯಲ್ಲಿ ದಾಖಲಾಯಿತೇ ಎಂದು ಮನೆಯವರು ನೋಡಿಕೊಳ್ಳಲಿ.