ಪದವಿ ವಿದ್ಯಾರ್ಥಿಯ ಸಂಶೋಧನೆಯಲ್ಲಿ ಅಧ್ಯಾಪಕನ ಸ್ಥಾನ

ವಿದ್ಯೆಯಲ್ಲಿ ಎರಡು ಹಂತಗಳುಂಟು. ಹಿಂದಿನವರು ಕಂಡುದನ್ನು ಕಲಿಯುವುದು ಮೊದಲನೆಯದು; ಯಾರೂ ಕಾಣದುದನ್ನು ಅರಸುವುದು ಎರಡನೆಯದು. ಮೊದಲನೆಯದಕ್ಕೆ ಪಠ್ಯಪುಸ್ತಕ ಬಹುಮಟ್ಟಿಗೆ ಸಾಕು. ಅಲ್ಲಿ ಪ್ರತಿಯೊಂದು ಪ್ರಶ್ನೆಗೂ ಉತ್ತರ ಸಿದ್ಧವಾಗಿರುತ್ತದೆ; ಆ ಉತ್ತರಕ್ಕಾಗಿ ಪಟ್ಟ ಪಾಡು, ಹಿಡಿದ ತಪ್ಪುದಾರಿ, ಕೈಬಿಟ್ಟ ಊಹೆ ಇವು ಯಾವುವೂ ಪುಟಗಳಲ್ಲಿ ಕಾಣಿಸವು. ಆದುದರಿಂದ ಪುಸ್ತಕವನ್ನಷ್ಟೇ ಓದಿದ ತರುಣನಿಗೆ ಜ್ಞಾನವೆಂಬುದು ಮುಗಿದುಹೋದ ಕಾರ್ಯವೆಂಬ ಭ್ರಮೆ ಹುಟ್ಟುವುದು ಸಹಜ. ಅದು ಇನ್ನೂ ನಡೆಯುತ್ತಿರುವ ಕಾರ್ಯ, ಅದರಲ್ಲಿ ತನಗೂ ಪಾಲುಂಟು ಎಂಬ ಅರಿವನ್ನು ಮೂಡಿಸಬಲ್ಲವನು ಸ್ವತಃ ಅರಸುವ ದಾರಿಯಲ್ಲಿರುವ ಅಧ್ಯಾಪಕ. ಪದವಿ ತರಗತಿಯ ಸಂಶೋಧನೆಯಲ್ಲಿ ಮಾರ್ಗದರ್ಶಕನ ಬೆಲೆಯಿರುವುದು ಇಲ್ಲಿ.

ಈ ಮಾತಿಗೆ ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ೧೯೦೬ರಿಂದ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಆರ್ನಾಲ್ಡ್ ಸೊಮರ್‌ಫೆಲ್ಡ್ ಅವರ ಜೀವನವೇ ನಿದರ್ಶನ. ಅವರಿಗೆ ನೊಬೆಲ್ ಪಾರಿತೋಷಕ ದೊರೆಯಲಿಲ್ಲ. ಅವರ ಶಿಷ್ಯರಾದ ಡಿಬೈ, ಪೌಲಿ, ಹೈಸೆನ್‌ಬರ್ಗ್, ಬೆಥೆ ನಾಲ್ವರಿಗೂ ದೊರೆಯಿತು. ೧೯೧೮ರಲ್ಲಿ ಪೌಲಿ ಅವರ ಬಳಿಗೆ ಬಂದಾಗ ಆತನಿಗೆ ಹದಿನೆಂಟು ವರ್ಷ. ಗಣಿತ ವಿಜ್ಞಾನಗಳ ವಿಶ್ವಕೋಶಕ್ಕೆ ಸಾಪೇಕ್ಷತಾ ಸಿದ್ಧಾಂತವನ್ನು ಕುರಿತು ಬರೆಯುವ ಭಾರವನ್ನು ಗುರುಗಳು ಈ ಹುಡುಗನಿಗೇ ವಹಿಸಿದರು. ೧೯೨೧ರಲ್ಲಿ ಪ್ರಕಟವಾದ ಆ ಬರೆಹ ಪ್ರಮಾಣಗ್ರಂಥವೆನಿಸಿತು. ೧೯೨೦ರಲ್ಲಿ ಬಂದ ಹೈಸೆನ್‌ಬರ್ಗನಿಗೆ ಮೊದಲ ಅವಧಿಯಲ್ಲಿಯೇ ದೊರೆತದ್ದು, ಕಾಂತಕ್ಷೇತ್ರದಲ್ಲಿ ರೋಹಿತ ರೇಖೆಗಳು ಒಡೆಯುವ ಬಗೆಯನ್ನು ಕುರಿತ, ವಿದ್ವಾಂಸರಿಗೂ ಬಗೆಹರಿಯದಿದ್ದ ಸಮಸ್ಯೆ. ಪೂರ್ಣಾಂಕಗಳಿರಬೇಕಾದಲ್ಲಿ ಅರ್ಧಾಂಕಗಳನ್ನು ಇಟ್ಟರೆ ಲೆಕ್ಕ ಹೊಂದುವುದೆಂದು ಶಿಷ್ಯ ಹೇಳಿದಾಗ ಗುರು ಮೊದಲು ಒಪ್ಪಲಿಲ್ಲ. ಆದರೂ ಶಿಷ್ಯನ ದಾರಿ ಮುಚ್ಚಲಿಲ್ಲ. ೧೯೨೨ರಲ್ಲಿ ಲೇಖನ ಶಿಷ್ಯನ ಹೆಸರಿನಲ್ಲಿಯೇ ಅಚ್ಚಾಯಿತು. ಜರ್ಮನಿಯ ವ್ಯವಸ್ಥೆ ಬೇರೆಯಾದರೂ, ವಯಸ್ಸಿನಿಂದ ಇವರಿಬ್ಬರೂ ನಮ್ಮ ಪದವಿ ತರಗತಿಯ ಹುಡುಗರೇ ಎಂಬುದನ್ನು ಗಮನಿಸಬೇಕು.

ಇದೇ ಸೊಮರ್‌ಫೆಲ್ಡ್ ೧೯೨೮ರಲ್ಲಿ ಮದರಾಸಿಗೆ ಬಂದರು. ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ವಿದ್ಯಾರ್ಥಿಯಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಗ್ರಂಥವನ್ನು ತಾನಾಗಿಯೇ ಓದಿ ಅರಗಿಸಿಕೊಂಡಿದ್ದ. ಆತ ಅವರು ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ ಕಂಡಾಗ ದೊರೆತದ್ದು ಪ್ರಶಂಸೆಯಲ್ಲ. ಆ ಗ್ರಂಥದ ಭೌತವಿಜ್ಞಾನ ಆಗಲೇ ಹಳೆಯದಾಯಿತೆಂದೂ ಹೈಸೆನ್‌ಬರ್ಗ್, ಶ್ರೋಡಿಂಜರ್ ಮುಂತಾದವರಿಂದ ಎಲ್ಲವೂ ಬದಲಾಗಿದೆಯೆಂದೂ ಗ್ರಂಥಕರ್ತರೇ ತಿಳಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ತರುಣನ ಮನಸ್ಸು ಮುದುಡುತ್ತಿತ್ತು. ಲೋಹಗಳಲ್ಲಿಯ ಎಲೆಕ್ಟ್ರಾನುಗಳನ್ನು ಕುರಿತ ತಮ್ಮ ಹೊಸ ಲೇಖನದ ಕರಡಚ್ಚನ್ನು ಅವರು ಆತನ ಕೈಗಿತ್ತರು. ಅದರಲ್ಲಿದ್ದ ಹೊಸ ಸಂಖ್ಯಾಶಾಸ್ತ್ರವನ್ನು ಚಂದ್ರಶೇಖರ್ ಕಾಂಪ್ಟನ್ ಪರಿಣಾಮಕ್ಕೆ ಅನ್ವಯಿಸಿ, ಕೆಲವೇ ತಿಂಗಳಲ್ಲಿ ಲೇಖನ ಬರೆದು ಕೇಂಬ್ರಿಜ್ಜಿನ ಫೌಲರ್ ಅವರಿಗೆ ಕಳುಹಿಸಿದ. ೧೯೨೯ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. ಮುಂದೆ ೧೯೮೩ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜೀವನದ ಮೊದಲ ಮೆಟ್ಟಿಲುಗಳಲ್ಲಿ ಇದೊಂದು.

ಈ ಪ್ರಸಂಗಗಳಿಂದ ಮಾರ್ಗದರ್ಶಕನ ಕರ್ತವ್ಯವೇನೆಂಬುದು ತಿಳಿಯುತ್ತದೆ. ಉತ್ತರ ಹೇಳಿಕೊಡುವುದು ಅವನ ಕೆಲಸವಲ್ಲ. ಎಷ್ಟೋ ವೇಳೆ ಉತ್ತರ ಅವನಿಗೂ ಗೊತ್ತಿರುವುದಿಲ್ಲ. ವಿದ್ಯಾರ್ಥಿಯ ಶಕ್ತಿಗೆ ಎಟುಕುವ, ಆದರೆ ನಿಜವಾಗಿಯೂ ಬಿಡಿಸದಿರುವ ಪ್ರಶ್ನೆಯನ್ನು ಆರಿಸಿಕೊಡುವುದು ಮೊದಲ ಕರ್ತವ್ಯ. ತಪ್ಪಾದಾಗ ಅದು ಎಲ್ಲಿ ತಪ್ಪಿತೆಂಬುದನ್ನು ಜೊತೆಯಲ್ಲಿ ಕುಳಿತು ಹುಡುಕುವುದು ಎರಡನೆಯದು. ಫಲ ಬಂದಾಗ ಅದರ ಕೀರ್ತಿಯನ್ನು ವಿದ್ಯಾರ್ಥಿಗೆ ಬಿಟ್ಟುಕೊಡುವುದು ಮೂರನೆಯದು. ಸಾಹಿತ್ಯದ ವಿದ್ಯಾರ್ಥಿಗೂ ಈ ಮಾತು ಸಲ್ಲುತ್ತದೆ. ಓಲೆಗರಿಯ ಎರಡು ಪ್ರತಿಗಳಲ್ಲಿ ಪಾಠ ಭಿನ್ನವಾಗಿರುವಾಗ ಯಾವುದು ಸಾಧು ಎಂಬುದನ್ನು ವ್ಯಾಕರಣದ ನಿಯಮವೊಂದೇ ತೀರ್ಮಾನಿಸದು. ಛಂದಸ್ಸು, ಅರ್ಥ, ಲಿಪಿಕಾರನ ರೂಢಿ ಎಲ್ಲವನ್ನೂ ತೂಗಬೇಕು. ಆ ತೂಗುವ ಬಗೆ ತೂಗುವವರ ಪಕ್ಕದಲ್ಲಿ ಕುಳಿತವನಿಗೇ ಬೇಗ ಒಲಿಯುತ್ತದೆ.

ಆದರೆ ಸೊಮರ್‌ಫೆಲ್ಡರು ಪ್ರತಿಯೊಬ್ಬನ ಊರಿಗೂ ಬರುವುದಿಲ್ಲ. ಆಕಸ್ಮಿಕವಾಗಿ ಒದಗುವ ಈ ಭಾಗ್ಯವನ್ನು ವ್ಯವಸ್ಥೆಯನ್ನಾಗಿ ಮಾರ್ಪಡಿಸಿದ ಶ್ರೇಯಸ್ಸು ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಗೆ ಸಲ್ಲಬೇಕು. ಪೋಲರಾಯ್ಡ್ ಕ್ಯಾಮೆರಾದ ನಿರ್ಮಾತೃ ಎಡ್ವಿನ್ ಲ್ಯಾಂಡ್ ೧೯೫೭ರಲ್ಲಿ ಅಲ್ಲಿ ಉಪನ್ಯಾಸ ಮಾಡಿ, ಕಾಲೇಜಿಗೆ ಕಾಲಿಟ್ಟ ಹುಡುಗನಿಗೆ ಮೊದಲಿನಿಂದಲೇ ಸ್ವಂತ ಸಂಶೋಧನೆ ಬೇಕು, ಕೈಹಿಡಿದು ನಡೆಸುವವರು ಬೇಕು ಎಂದು ವಾದಿಸಿದರು. ೧೯೬೯ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಎಂಬ ಭೌತವಿಜ್ಞಾನಿ ಅದನ್ನು ಕಾರ್ಯರೂಪಕ್ಕೆ ತಂದರು; ಪದವಿ ವಿದ್ಯಾರ್ಥಿಗಳು ಅಧ್ಯಾಪಕರ ಸಂಶೋಧನೆಯಲ್ಲಿ ಕಿರಿಯ ಸಹೋದ್ಯೋಗಿಗಳಾದರು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ೨೦೧೧ರಲ್ಲಿ ನಾಲ್ಕು ವರ್ಷದ ಪದವಿ ಶಿಕ್ಷಣವನ್ನು ಆರಂಭಿಸಿ, ಕೊನೆಯ ವರ್ಷದ ಸಂಶೋಧನೆಯನ್ನು ಅದರ ಅಂಗವನ್ನಾಗಿಸಿತು.

ಮಾರ್ಗದರ್ಶಕನಿಲ್ಲದೆ ಸಂಶೋಧನೆಯನ್ನು ಕಡ್ಡಾಯಗೊಳಿಸಿದರೆ ಆಗುವ ಹಾನಿ ಸಣ್ಣದಲ್ಲ. ಕೇಳುವವರಿಲ್ಲದ ವಿದ್ಯಾರ್ಥಿ ಹಳೆಯ ಪ್ರಬಂಧವನ್ನು ನಕಲು ಮಾಡಿ, ರಟ್ಟು ಕಟ್ಟಿಸಿ ಒಪ್ಪಿಸುತ್ತಾನೆ, ಅಂಕಗಳೂ ಬರುತ್ತವೆ. ಸತ್ಯವನ್ನು ಅರಸಲು ಏರ್ಪಟ್ಟ ಪಾಠ ಹೀಗೆ ಅಸತ್ಯದ ಮೊದಲ ಪಾಠವಾಗುತ್ತದೆ. ಇದಕ್ಕೆ ಹುಡುಗನೊಬ್ಬನನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಒಬ್ಬ ಅಧ್ಯಾಪಕನಿಗೆ ನೂರಾರು ಉತ್ತರಪತ್ರಿಕೆಗಳ ಹೊರೆ ಹೊರಿಸಿ, ಅದರ ಮೇಲೆ ಸಂಶೋಧನೆಯ ಮೇಲ್ವಿಚಾರಣೆಯನ್ನೂ ಹೇರಿದರೆ ಅವನು ಸಹಿ ಹಾಕಬಲ್ಲನೇ ಹೊರತು ಓದಲಾರ. ವಾರಕ್ಕೆ ಒಂದು ಗಂಟೆ, ಒಬ್ಬ ವಿದ್ಯಾರ್ಥಿಯ ಎದುರು, ಅವನು ಬರೆದುದನ್ನು ಓದಿ ಮಾತನಾಡುವ ಬಿಡುವನ್ನು ಅಧ್ಯಾಪಕನಿಗೆ ಒದಗಿಸಿಕೊಡುವುದು ದೊಡ್ಡ ಕಟ್ಟಡಗಳಿಗಿಂತ ಮೊದಲು ಆಗಬೇಕಾದ ಕಾರ್ಯ. ಮದರಾಸಿನ ತರುಣನಿಗೆ ದೊರೆತದ್ದು ಒಂದು ಭೇಟಿ, ಕೆಲವು ಕರಡಚ್ಚಿನ ಹಾಳೆಗಳು. ಆ ಹಾಳೆಗಳನ್ನು ಕೊಡಲು ಮನಸ್ಸು ಮಾಡಿದವರೊಬ್ಬರಿದ್ದರು.